ಅಯ್ಯೋ ಎನ್ನುವ ಪ್ರೋಗ್ರಾಮ್

ಚದುರಂಗದ ಪ್ರೋಗ್ರಾಮ್ ಆರಿಸಿಕೊಡುವ ಕೆಲಸದಲ್ಲಿ ನನ್ನನ್ನು ಮೀರಿಸುವವರು ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಬಸ್ ನಿಲ್ದಾಣದ ಎದುರು, ಬೇಕರಿಗೆ ಅಂಟಿಕೊಂಡಿರುವ ಅಂಗಡಿ ನನ್ನದು. ಹೆಸರು ಇಂದುಮತಿ, ಊರಿಗೆಲ್ಲ ಇಂದಕ್ಕ. ಕಂಪ್ಯೂಟರ್ ಮಾರುವವರು, ಮೊಬೈಲ್ ರಿಪೇರಿಯವರು ಬೀದಿಗೊಬ್ಬರಿದ್ದಾರೆ. ಆದರೆ ಯಾರು ಯಾವ ಪ್ರೋಗ್ರಾಮಿನ ಜೊತೆ ಆಡಿ ಪಳಗಬೇಕು ಎಂದು ಆಳಿನ ಮುಖ ನೋಡಿ ಹೇಳುವವಳು ನಾನೊಬ್ಬಳೇ. ಪಕ್ಕದ ಊರುಗಳಲ್ಲಿ ಈ ವ್ಯಾಪಾರ ನಡೆಯುವುದಿಲ್ಲ. ಅಲ್ಲಿಯವರು ಜಗಳವಾದರೆ ಕೋರ್ಟಿಗೆ ಹೋಗುತ್ತಾರೆ, ಪಾಪ.

ನಮ್ಮಲ್ಲಿ ಜಗಳ ತೀರುವುದು ಸಂತೆಮಾಳದ ಕಲ್ಲುಮಂಟಪದಲ್ಲಿ. ನೆಲದ ಚಪ್ಪಡಿಯ ಮೇಲೆ ಅರವತ್ನಾಲ್ಕು ಮನೆ ಕೆತ್ತಿದೆ. ಎದುರುಬದುರು ಕೂತವರು ಮೊದಲು ಜಗಳ ಯಾವುದೆಂದು ಗಟ್ಟಿಯಾಗಿ ಹೇಳಬೇಕು, ಆಮೇಲೆ ಆಟ. ಗೆದ್ದವರ ಮಾತು ನಡೆಯುತ್ತದೆ. ಸೋತವರಿಗೆ ಆ ವಿಷಯದ ಮಾತು ಮತ್ತೆಂದೂ ಬಾಯಿಗೆ ಬರುವುದಿಲ್ಲ. ಬರಬಾರದು ಎಂಬ ನಿಯಮವಲ್ಲ, ಬರುವುದೇ ಇಲ್ಲ. ಹಟ ಹಿಡಿದು ಪ್ರಯತ್ನಿಸಿದವರಿಗೆ ಕೆಮ್ಮು ಹತ್ತುತ್ತದೆ, ಬರೆದು ತೋರಿಸಲು ಹೋದರೆ ಕೈ ಜೋಮು ಹಿಡಿಯುತ್ತದೆ. ನೀರು ಕುಡಿದು ಬೇರೆ ಮಾತು ತೆಗೆಯಬೇಕು, ಅಷ್ಟೆ. ಹಾಗಾಗಿ ನಮ್ಮೂರಿನ ಮದುವೆ ಊಟದಲ್ಲಿ ಯಾರಾದರೂ ಕೆಮ್ಮಿದರೆ ಪಕ್ಕದವರು ಚೊಂಬು ಸರಿಸಿ, ‘ಯಾವ ಆಟದ್ದು?’ ಎಂದು ಕೇಳುತ್ತಾರೆ. ನನ್ನ ಗಂಡ ನಮ್ಮ ಹಿತ್ತಿಲ ನುಗ್ಗೆಮರ ಕಡಿಯುವ ವಿಷಯದಲ್ಲಿ ನನಗೆ ಸೋತವರು. ಮರ ಇವತ್ತಿಗೂ ಇದೆ, ಕಾಯಿ ಬಿಡುವ ಕಾಲಕ್ಕೆ ಅವರಿಗೆ ಕೆಮ್ಮೂ ಇದೆ.

ಇಂಥ ಊರಿನಲ್ಲಿ ಜನ ಅಭ್ಯಾಸ ಮಾಡದೆ ಇರುತ್ತಾರೆಯೇ? ಎಲ್ಲರೂ ನನ್ನ ಅಂಗಡಿ ಹೊಕ್ಕು ಕೇಳುವುದು ಒಂದೇ: ‘ಇಂದಕ್ಕ, ಎಲ್ಲಕ್ಕಿಂತ ಜೋರಾಗಿರೋದು ಕೊಡಿ.’ ಎಲ್ಲಕ್ಕಿಂತ ಜೋರಾಗಿರುವುದು ವಜ್ರಮುಷ್ಟಿ. ಪ್ರಪಂಚದಲ್ಲಿ ಅದನ್ನು ಗೆದ್ದ ಮನುಷ್ಯನಿಲ್ಲ. ಅದನ್ನು ಮನೆಗೆ ಕೊಂಡೊಯ್ದವರು ಮೊದಲ ವಾರ ಹೆಮ್ಮೆಯಿಂದ ಸೋಲುತ್ತಾರೆ, ಎರಡನೇ ವಾರ ಸಿಟ್ಟಿನಿಂದ ಸೋಲುತ್ತಾರೆ, ಆಮೇಲೆ ಸೋಲುವುದೇ ಅಭ್ಯಾಸವಾಗಿ ಮಂಟಪದಲ್ಲಿ ಎಳ್ಳಷ್ಟು ತೊಂದರೆ ಕಂಡರೂ ರಾಜನನ್ನು ಮಲಗಿಸಿಬಿಡುತ್ತಾರೆ. ಕುಸ್ತಿ ಕಲಿಯಬೇಕೆಂದು ಯಾರಾದರೂ ದಿನಾ ಹೋಗಿ ಲಾರಿಗೆ ಎದೆ ಕೊಡುತ್ತಾರೆಯೇ?

ನಾನು ಮೊದಲು ಕೇಳುವುದು ಎದುರಾಳಿ ಯಾರು ಎಂದು. ಮನೆಯಲ್ಲಿರುವ ಮಷೀನು ಹಳೆಯದೋ ಹೊಸದೋ ಅದೂ ಬೇಕು, ಏಕೆಂದರೆ ಹಳೇ ಮಷೀನಿನ ಮೇಲೆ ದೊಡ್ಡ ಪ್ರೋಗ್ರಾಮ್ ಹಾಕಿದರೆ ಅದು ಒಂದು ನಡೆ ಯೋಚಿಸುವುದರೊಳಗೆ ನಿಮ್ಮ ಸಾರು ಉಕ್ಕಿರುತ್ತದೆ. ಆಮೇಲೆ ಅಂಗಡಿಯ ಮಷೀನಿನ ಮುಂದೆ ಕೂರಿಸಿ ಒಂದಾಟ ಆಡಿಸಿ, ಆಟ ನೋಡದೆ ಅವರ ಕೈ ನೋಡುತ್ತೇನೆ. ರಿಟೈರಾದ ಕಂಡಕ್ಟರ್ ವೀರಭದ್ರಪ್ಪನವರಿಗೆ ಚೆನ್ನಾಗಿ ಆಡಲು ಬರುತ್ತಿತ್ತು, ತಾಳ್ಮೆ ಇರಲಿಲ್ಲ. ಬಸ್ಸಿಗೆ ರೈಟ್ ಹೇಳಿದ ಹಾಗೆ ಕಾಯಿ ನಡೆಸುತ್ತಿದ್ದರು. ಅವರಿಗೆ ಕೊಟ್ಟದ್ದು ಮಂದಗತಿ ಎಂಬುದನ್ನು. ಎಷ್ಟು ಒತ್ತಿದರೂ ಅದು ತನ್ನ ಹೊತ್ತು ತೆಗೆದುಕೊಂಡೇ ಆಡುತ್ತದೆ. ಪಕ್ಕದ ಮನೆಯವರ ಚರಂಡಿ ವ್ಯಾಜ್ಯವನ್ನು ಗೆದ್ದು ಬಂದು ನನಗೆ ಅರ್ಧ ಕೆಜಿ ಮೈಸೂರುಪಾಕು ಕೊಟ್ಟರು. ತಪ್ಪು ಯಾಕೆ ಆಯಿತೆಂದು ತಿಳಿಯಬೇಕಾದವರಿಗೆ ಮೇಷ್ಟ್ರು ಇದೆ, ನಡೆನಡೆಗೂ ವಿವರಿಸುತ್ತದೆ. ನಡೆ ಹಿಂದೆಗೆಯಲು ಬಿಡುವಂಥವು ಇವೆ. ಅವುಗಳನ್ನು ಮಂಟಪಕ್ಕೆ ಹೋಗುವವರಿಗೆ ಮಾತ್ರ ನಾನು ಕೊಡುವುದಿಲ್ಲ. ಸರಿಯಾದದ್ದನ್ನು ಕೊಟ್ಟ ಮೇಲೂ ಸೋತು ಬಂದು ಬೈಯುವವರು ಇದ್ದೇ ಇರುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇನ್ನು ಒಂದಿತ್ತು, ಗುಬ್ಬಿ. ಮಕ್ಕಳಿಗೆಂದು ಯಾರೋ ಮಾಡಿದ್ದು. ಆಟ ಅಷ್ಟಕ್ಕಷ್ಟೆ, ಆಗಾಗ ಮಂತ್ರಿಯನ್ನು ತಂದು ನಡುಬೀದಿಯಲ್ಲಿ ನಿಲ್ಲಿಸಿಬಿಡುತ್ತದೆ. ಅದರ ಕಾಯಿ ಹೊಡೆದರೆ ಎಳೇ ದನಿಯಲ್ಲಿ ‘ಅಯ್ಯೋ’ ಅನ್ನುತ್ತದೆ. ಮಂತ್ರಿಯನ್ನೇ ಹೊಡೆದರೆ ‘ಅಯ್ಯೋ, ನನ್ನ ಮಂತ್ರಿ’ ಎಂದು ಬಿಕ್ಕುತ್ತದೆ. ಆ ದನಿಯನ್ನು ನಿಲ್ಲಿಸುವ ಗುಂಡಿಯನ್ನು ಇಡಲು ಪುಣ್ಯಾತ್ಮರು ಮರೆತಿದ್ದಾರೆ. ಕೊಂಡವರೆಲ್ಲ ವಾಪಸ್ಸು ತಂದುಕೊಟ್ಟರು. ಒಬ್ಬ ಹೆಂಗಸಂತೂ, ‘ಮಗು ಊಟ ಬಿಟ್ಟಿದೆ ಕಣ್ರೀ, ಗುಬ್ಬಿ ಅಳುತ್ತೆ ಅಂತ’ ಎಂದು ನನ್ನ ಮೇಲೇ ಹರಿಹಾಯ್ದಳು.

ವಿಶಾಲಾಕ್ಷಿ ನನ್ನ ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ, ಕೈಯಲ್ಲಿ ಹೊಲಿದ ರವಿಕೆಗಳ ಚೀಲ ಹಿಡಿದುಕೊಂಡು. ನಲವತ್ತು ದಾಟಿದವಳು. ಗಂಡ ತೀರಿಕೊಂಡ ಮೇಲೆ ಅಣ್ಣ ಶ್ರೀಕಂಠಯ್ಯನವರ ಮನೆಯ ಮುಂಗೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ನನ್ನ ರವಿಕೆಗಳೆಲ್ಲ ಅವಳ ಕೈಯವೇ.

‘ಇಂದಕ್ಕ, ಜೋರಾಗಿರೋದೊಂದು ಬೇಕಿತ್ತು’ ಅಂದಳು.

‘ಯಾರ ಮೇಲೆ?’

ಅವಳು ಚೀಲದ ಹಿಡಿ ತಿರುವಿದಳು. ‘ಅಣ್ಣನ ಮೇಲೆ.’

ನಾನು ಸ್ಟೂಲು ಎಳೆದು ಕೂರಿಸಿದೆ. ಮಂಟಪದ ಆಟಗಡಿಯಾರಗಳನ್ನು ರಿಪೇರಿ ಮಾಡುವ ಸದಾನಂದನನ್ನು ಅವಳು ಮದುವೆಯಾಗಬೇಕೆಂದಿದ್ದಾಳೆ. ಅವನೂ ಹೆಂಡತಿ ಕಳೆದುಕೊಂಡವನು, ಮಾತು ಕಡಿಮೆ, ಮರ್ಯಾದಸ್ಥ. ಅಣ್ಣ ಒಪ್ಪುತ್ತಿಲ್ಲ. ಮನೆಯಲ್ಲಿ ಮಾತಿಗೆ ಮಾತು ಬೆಳೆದು ಕೊನೆಗೆ ಶ್ರೀಕಂಠಯ್ಯನವರೇ, ‘ಹಾಗಾದ್ರೆ ಮಂಟಪಕ್ಕೆ ಬಾ’ ಅಂದಿದ್ದಾರೆ. ಬರುವ ಹುಣ್ಣಿಮೆ ಮಾರನೇ ದಿನಕ್ಕೆ ಆಟ ನಿಗದಿಯಾಗಿದೆ.

‘ಸೋತ್ರೆ?’ ಎಂದು ಕೇಳಿದೆ. ಕೇಳಬೇಕಾಗಿರಲಿಲ್ಲ. ಸೋತರೆ ಅವಳ ಬಾಯಿಗೆ ಮದುವೆ ಎಂಬ ಮಾತೇ ಬರುವುದಿಲ್ಲ. ಸದಾನಂದ ಎದುರಿಗೆ ನಿಂತು ಒಪ್ಪಿಗೆಯೇ ಎಂದು ಕೇಳಿದರೂ ಕೆಮ್ಮಬೇಕು.

‘ಸೋತ್ರೆ ಅವರು ಅವರ ಗಡಿಯಾರ, ನಾನು ನನ್ನ ಹೊಲಿಗೆ ಮಷೀನು’ ಅಂದಳು. ‘ಅಣ್ಣ ಕೆಟ್ಟೋನಾಗಿದ್ದಿದ್ರೆ ಸುಲಭ ಆಗೋದು ಇಂದಕ್ಕ. ಅವನೇ ನಂಗೆ ಆಟ ಕಲಿಸ್ದೋನು. ನಮ್ಮನೆಯವರು ಹೋದಾಗ ನನ್ನನ್ನ ಎತ್ತಿಕೊಂಡು ಬಂದೋನು ಅವನೇ. ನಿಂಗಿಲ್ಲಿ ಏನು ಕಡಿಮೆ ಮಾಡಿದೀನಿ ಅಂತಾನೆ. ಏನಂತ ಹೇಳ್ಲಿ? ಕಡಿಮೆ ಏನೂ ಇಲ್ಲ. ಆದ್ರೂ ಬೇಕು.’

ಆ ‘ಆದ್ರೂ ಬೇಕು’ ಕೇಳಿದ್ದೇ ನಾನು ಅವಳ ಪಕ್ಷಕ್ಕೆ ಸೇರಿದೆ. ಇವಳನ್ನು ಗೆಲ್ಲಿಸದಿದ್ದರೆ ಅಂಗಡಿ ಮುಚ್ಚಿ ಬೇಕರಿಯವರಿಗೆ ಬಾಡಿಗೆ ಕೊಡುವುದೇ ವಾಸಿ ಎಂದುಕೊಂಡು, ಮೇಷ್ಟ್ರು ಹಾಕಿ ಆಡಲು ಕೂರಿಸಿದೆ.

ಹುಡುಗಿ ಆಡಿದಳು ಅಂದರೆ ಆಡಿದಳು. ಕುದುರೆ ಒಂಟೆಗಳನ್ನು ಹೊಲಿಗೆಯಷ್ಟೇ ಅಚ್ಚುಕಟ್ಟಾಗಿ ಜೋಡಿಸಿದಳು. ಮಧ್ಯದಲ್ಲಿ ಮೇಷ್ಟ್ರು ತನ್ನ ಮಂತ್ರಿಯನ್ನು ಬೇಕೆಂದೇ ಕಾವಲಿಲ್ಲದ ಮನೆಗೆ ತಂದಿಟ್ಟಿತು. ಅದು ಪರೀಕ್ಷೆಗೆಂದು ನಾನು ಹಾಕಿದ್ದು. ಅವಳ ಆನೆ ನೇರ ಹೋಗಿ ಹೊಡೆಯಬಹುದಿತ್ತು. ಅವಳ ಕೈ ಆನೆಯ ತನಕ ಹೋಯಿತು, ನಿಂತಿತು, ವಾಪಸ್ಸು ಬಂದು ಒಂದು ಕಾಲಾಳನ್ನು ಮುಂದೆ ತಳ್ಳಿತು.

‘ಕಾಣ್ಲಿಲ್ವಾ?’ ಅಂದೆ.

‘ಕಾಣ್ತು.’

‘ಮತ್ತೆ?’

ಅವಳು ನಾಚಿಕೊಂಡಳು. ‘ಅದು ನೋಡ್ಕೊಂಡಿಲ್ಲ ಅನ್ಸುತ್ತೆ ಇಂದಕ್ಕ. ನೋಡ್ಕೊಳ್ದೇ ಇರೋವಾಗ ಹೇಗೆ ಹೊಡೆಯೋದು?’

ಆಗ ನನಗೆ ಎಲ್ಲ ತಿಳಿಯಿತು. ನಮ್ಮೂರಿನ ಮನೆಗಳಲ್ಲಿ ಒಂದು ಮರ್ಯಾದೆ ಉಂಟು. ಕಿರಿಯರು ಹಿರಿಯರ ಜೊತೆ ಆಡುವಾಗ ಹಿರಿಯರು ಕೈತಪ್ಪಿ ಮಂತ್ರಿಯನ್ನು ಬಿಟ್ಟುಕೊಟ್ಟರೆ ಹೊಡೆಯುವುದಿಲ್ಲ. ‘ಅಣ್ಣಾ, ನೋಡ್ಕೊ’ ಎಂದು ಎಚ್ಚರಿಸಬೇಕು. ಅವರು ನಕ್ಕು ನಡೆ ಹಿಂದೆಗೆಯುತ್ತಾರೆ. ಮನೆಯಲ್ಲಿ ಇದು ಚಂದವೇ. ಆದರೆ ಚಿಕ್ಕಂದಿನಿಂದ ಅಣ್ಣನೊಬ್ಬನ ಜೊತೆಯೇ ಆಡಿ ವಿಶಾಲಾಕ್ಷಿಯ ಕೈಗೆ ಅದು ರಕ್ತಗತವಾಗಿತ್ತು. ಅವಳು ಅಣ್ಣನಿಗಿಂತ ಒಂದು ಕೈ ಮೇಲೆಯೇ ಆಡುತ್ತಿದ್ದಳು. ಗೆಲ್ಲಲು ಮಾತ್ರ ಬರುತ್ತಿರಲಿಲ್ಲ. ಇಂಥವಳಿಗೆ ವಜ್ರಮುಷ್ಟಿ ಏನು ಕಲಿಸೀತು? ಅದು ಎಂದೂ ತಪ್ಪು ಮಾಡುವುದಿಲ್ಲ. ಇವಳು ಕಲಿಯಬೇಕಾದದ್ದು ಎದುರಿಗಿದ್ದವರ ತಪ್ಪನ್ನು ತೆಗೆದುಕೊಳ್ಳುವುದನ್ನು.

ಅಟ್ಟದ ಮೇಲಿನಿಂದ ಗುಬ್ಬಿಯ ಸೀಡಿ ಇಳಿಸಿ ಧೂಳು ಒರೆಸಿ ಕೊಟ್ಟೆ.

‘ಮಕ್ಕಳದ್ದು ಕೊಡ್ತಿದೀರಲ್ಲ!’ ಅವಳ ಮುಖ ಚಿಕ್ಕದಾಯಿತು. ‘ನನ್ನ ಆಟ ಅಷ್ಟೊಂದು ಕೆಟ್ಟದಾ?’

‘ನಿನ್ನ ಆಟಕ್ಕೆ ಏನೂ ಆಗಿಲ್ಲ. ಇದು ಅಳುತ್ತೆ. ಎಷ್ಟು ಅತ್ರೂ ಮಂತ್ರಿ ಹೊಡೀಬೇಕು. ಹೊಡೆದ್ಮೇಲೆ ಸಮಾಧಾನ ಮಾಡೋಕೆ ಹೋಗ್ಬಾರದು. ಅಷ್ಟು ಮಾಡು, ಉಳಿದದ್ದು ನಿಂಗೆ ಬರುತ್ತೆ.’

ಮೂರನೇ ದಿನಕ್ಕೆ ಓಡಿಬಂದಳು, ಕಣ್ಣು ಕೆಂಪಗಿತ್ತು. ‘ಆಗಲ್ಲ ಇಂದಕ್ಕ. ಅದು ಬಿಕ್ಕೋದು ಕೇಳಿದ್ರೆ ಕರುಳು ಹಿಂಡುತ್ತೆ. ನಿನ್ನೆ ಹೊಡೆದು, ಅಡುಗೆಮನೆಗೆ ಹೋಗಿ ಅತ್ತೆ.’ ನನಗೆ ಕನಿಕರವಾಯಿತು, ಆದರೆ ತೋರಿಸಿಕೊಳ್ಳಲಿಲ್ಲ. ‘ಹೊಡೆದೆ ತಾನೆ? ಅಳು, ಯಾರು ಬೇಡ ಅಂದ್ರು? ಹೊಡೆದು ಅಳು’ ಎಂದು ಕಳಿಸಿದೆ. ಮುಂದಿನ ವಾರ ರವಿಕೆಗೆ ಅಳತೆ ಕೊಡಲು ಹೋದಾಗ ಅವಳು ಕಂಪ್ಯೂಟರ್ ಎದುರಿಗಿಟ್ಟುಕೊಂಡು, ರವಿಕೆಗೆ ಗುಂಡಿ ಹಚ್ಚುತ್ತಲೇ ಆಡುತ್ತಿದ್ದಳು. ‘ಅಯ್ಯೋ, ನನ್ನ ಮಂತ್ರಿ’ ಎಂದಿತು ಗುಬ್ಬಿ. ವಿಶಾಲಾಕ್ಷಿಯ ತುಟಿ ಬಿಗಿಯಿತು, ಸೂಜಿ ನಿಲ್ಲಲಿಲ್ಲ. ಅಷ್ಟು ಸಾಕಾಗಿತ್ತು ನನಗೆ.

ಆ ಅಳು ಒಳಮನೆಗೂ ಕೇಳಿಸುತ್ತಿತ್ತಲ್ಲ, ಶ್ರೀಕಂಠಯ್ಯನವರು ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದರು. ಎತ್ತರದ ಆಳು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು. ಬೈಗುಳ ಅವರ ಬಾಯಲ್ಲಿ ಯಾರೂ ಕೇಳಿದ್ದಿಲ್ಲ.

‘ನನ್ನ ತಂಗಿಗೆ ಚಿಕ್ಕಮಕ್ಕಳ ಸಾಮಾನು ಮಾರಿದ್ದೀರಂತೆ’ ಅಂದರು, ನಗುತ್ತಲೇ.

‘ಅವಳಿಗೆ ಏನು ಬೇಕೋ ಅದನ್ನ ಕೊಟ್ಟಿದೀನಿ.’

‘ನನಗೆ ವಜ್ರಮುಷ್ಟಿ ಕೊಡಿ.’

‘ನಿಮಗದು ಬೇಡಿ. ನಿಮ್ಮದು ನೆಚ್ಚಿಕೆಯ ಆಟ, ಕೈ ಹೋದ ಕಡೆ ಧೈರ್ಯವಾಗಿ ಆಡೋರು ನೀವು. ಅದರ ಜೊತೆ ಕೂತ್ರೆ ನಿಮ್ಮ ಕೈಗೆ ನಿಮ್ಮ ಮೇಲೇ ಅನುಮಾನ ಹುಟ್ಟುತ್ತೆ. ಏನೂ ಬೇಡ, ನಿಮ್ಮ ಹಳೇ ಆಟಗಳನ್ನೇ ನೋಡ್ಕೊಂಡು ಹೋಗಿ’ ಅಂದೆ. ನಾನು ವಿಶಾಲಾಕ್ಷಿಯ ಪಕ್ಷ, ನಿಜ. ಆದರೆ ಅಂಗಡಿಗೆ ಬಂದವರಿಗೆ ಸುಳ್ಳು ಹೇಳುವ ಜಾಯಮಾನ ನನ್ನದಲ್ಲ.

‘ವ್ಯಾಪಾರ ಮಾಡಮ್ಮ’ ಅಂದರು.

ಮಾಡಿದೆ. ಕೊಡುವಾಗ ಒಂದು ಮಾತು ಕೇಳಿಯೇಬಿಟ್ಟೆ: ‘ಅವಳು ಹೋಗೋದು ನಾಲ್ಕು ಬೀದಿ ಆಚೆ. ನಿಮಗೇನು ಭಯ?’

‘ಒಂದು ಸಲ ಕಳಿಸಿಕೊಟ್ಟಿದ್ದೆ ಇಂದಮ್ಮ. ಹೇಗೆ ವಾಪಸ್ಸು ಬಂದ್ಲು ಅಂತ ನೋಡಿದೀನಿ. ಇನ್ನೊಂದು ಸಲ ನನ್ನ ಕೈಲಿ ನೋಡೋಕಾಗಲ್ಲ’ ಎಂದು ಹೇಳಿ ಹೊರಟುಹೋದರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟು ಅಲ್ಲಿಗೆ ಕರಗಿತು. ಹಾಗಂತ ಪಕ್ಷ ಬದಲಾಯಿಸಲಿಲ್ಲ.

ಆಟದ ದಿನ ಮಂಟಪದ ಸುತ್ತ ಊರೇ ನೆರೆದಿತ್ತು. ಸದಾನಂದ ಗಡಿಯಾರಕ್ಕೆ ಕೀ ಕೊಟ್ಟು ಇಬ್ಬರ ನಡುವೆ ಇಟ್ಟು, ಯಾರ ಮುಖವನ್ನೂ ನೋಡದೆ ಹಿಂದೆ ಸರಿದು ನಿಂತ. ವಿಶಾಲಾಕ್ಷಿ ಗಂಟಲು ಸರಿಮಾಡಿಕೊಂಡು, ‘ನನ್ನ ಎರಡನೇ ಮದುವೆಯ ಮಾತು’ ಎಂದಳು. ‘ಇವಳ ಎರಡನೇ ಮದುವೆಯ ಮಾತು’ ಎಂದರು ಅಣ್ಣ. ಆಟ ಶುರುವಾಯಿತು.

ಶ್ರೀಕಂಠಯ್ಯನವರು ಮೊದಲಿನಂತೆ ಆಡಲಿಲ್ಲ. ಕುದುರೆ ಎತ್ತುವರು, ಇಡುವರು, ಎಲ್ಲಿಂದ ಪೆಟ್ಟು ಬರುತ್ತದೋ ಎಂಬಂತೆ ಖಾಲಿ ಮೂಲೆಗಳನ್ನೂ ದಿಟ್ಟಿಸುವರು. ಮಂಟಪದಲ್ಲಿ ಇಲ್ಲದ ವಜ್ರಮುಷ್ಟಿಯೊಂದು ಅವರ ಎದುರು ಕೂತಿತ್ತು. ಅವರ ಕಡೆಯ ಗಡಿಯಾರ ಓಡಿ ಓಡಿ ಮುಗಿಯಲು ಬಂತು. ವಿಶಾಲಾಕ್ಷಿ ಮಾತ್ರ ಕಾಜಾ ಹೊಲಿದ ಹಾಗೆ ಒಂದರ ಪಕ್ಕ ಒಂದು ನಡೆ ಇಡುತ್ತಿದ್ದಳು. ಆದರೂ ಆಟ ಸರಿಸಮವಾಗಿತ್ತು, ಅವರು ಸಾಮಾನ್ಯ ಆಟಗಾರರಲ್ಲ.

ಹೊತ್ತು ತೀರುತ್ತಿದೆ ಎಂಬ ಗಡಿಬಿಡಿಯಲ್ಲಿ ಅವರು ಒಂದು ಕಾಲಾಳನ್ನು ಉಳಿಸಲು ಹೋಗಿ ಮಂತ್ರಿಯನ್ನು ಎತ್ತಿ ಇಟ್ಟರು. ಇಟ್ಟು ಬೆರಳು ತೆಗೆದ ಮೇಲೆ ಅವರಿಗೆ ಕಂಡಿತು. ನೆರೆದವರಿಗೆಲ್ಲ ಕಂಡಿತು. ಆನೆಯ ನೇರ ದಾರಿಯಲ್ಲಿ, ಹೇಳುವವರು ಕೇಳುವವರು ಇಲ್ಲದ ಹಾಗೆ, ಮಂತ್ರಿ ನಿಂತಿತ್ತು.

ಶ್ರೀಕಂಠಯ್ಯನವರು ತಲೆಯೆತ್ತಿ ತಂಗಿಯ ಮುಖ ನೋಡಿದರು. ಬೇಡಿಕೊಳ್ಳುವ ನೋಟವಾಗಿರಲಿಲ್ಲ ಅದು. ‘ಅಣ್ಣಾ, ನೋಡ್ಕೊ’ ಎಂಬ ಮಾತಿಗೆ ಕಾದಿದ್ದರು. ಅಷ್ಟು ವರ್ಷ ಕೇಳಿದ ಮಾತು, ಈಗಲೂ ಬಂದೇ ಬರುತ್ತದೆ ಎಂದು ಕಾದಿದ್ದರು. ಮಂಟಪದಲ್ಲಿ ಆ ಮಾತನ್ನು ಆಡಬಾರದೆಂದೇನೂ ಇಲ್ಲ. ಆಡಿದರೆ ನಡೆ ಹಿಂದೆಗೆಯಬಹುದು. ಇದುವರೆಗೆ ಯಾರೂ ಆಡಿಲ್ಲ, ಅಷ್ಟೆ.

ವಿಶಾಲಾಕ್ಷಿಯ ಕೈ ಆನೆಯ ತನಕ ಹೋಯಿತು. ನಿಂತಿತು. ಅವಳ ತುಟಿ ಅಲುಗಿದ್ದನ್ನು ನಾನು ಕಂಡೆ, ‘ಅ’ ಎನ್ನುವಷ್ಟು. ಕಣ್ಣಿಂದ ನೀರು ಇಳಿಯಿತು. ಹಾಗೆ ಇಳಿಯುತ್ತಿರುವಾಗಲೇ ಆನೆಯನ್ನು ಎತ್ತಿ ಮಂತ್ರಿಯನ್ನು ಹೊಡೆದಳು.

‘ಅಯ್ಯೋ’ ಅಂದರು ಅಣ್ಣ, ಮೆಲ್ಲಗೆ.

ಅವಳು ಸಮಾಧಾನ ಮಾಡಲು ಹೋಗಲಿಲ್ಲ. ಗಡಿಯಾರದ ಗುಂಡಿ ಒತ್ತಿ, ಕಣ್ಣೊರೆಸಿಕೊಂಡು, ಮುಂದಿನ ನಡೆಗೆ ಕಾದಳು. ಇನ್ನು ಕೆಲವು ನಡೆಗಳಲ್ಲಿ ಶ್ರೀಕಂಠಯ್ಯನವರು ರಾಜನನ್ನು ಮಲಗಿಸಿದರು. ಜನ ಕೂಗಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಲ್ಲರಿಗಿಂತ ಜೋರಾಗಿ. ಇವಳಿಗೆ ಅಳುವ ಪ್ರೋಗ್ರಾಮ್ ಕೊಟ್ಟೆನೆಂದು ಊರಲ್ಲಿ ನಕ್ಕಿದ್ದವರೆಲ್ಲ ನನ್ನತ್ತ ತಿರುಗಿ ನೋಡಿದರು. ನೋಡಲಿ ಎಂದೇ ನಿಂತಿದ್ದೆ.

ಶ್ರೀಕಂಠಯ್ಯನವರು ಎದ್ದು ಏನೋ ಹೇಳಲು ಬಾಯಿ ತೆರೆದರು. ಕೆಮ್ಮು ಬಂತು. ಬೈಯಲು ಹೊರಟಿದ್ದರೋ ಹರಸಲು ಹೊರಟಿದ್ದರೋ ದೇವರಿಗೇ ಗೊತ್ತು. ಸೋತವರ ಬಾಯಿಗೆ ಒಳ್ಳೆಯ ಮಾತೂ ಬರುವುದಿಲ್ಲ, ಕೆಟ್ಟದ್ದೂ ಬರುವುದಿಲ್ಲ. ಯಾರೋ ಚೊಂಬು ಕೊಟ್ಟರು. ನೀರು ಕುಡಿದು ಅವರು ಹೊರಟಾಗ ವಿಶಾಲಾಕ್ಷಿ ಅಡ್ಡ ಬಂದು ನಿಂತಳು.

‘ಅಣ್ಣಾ, ಧಾರೆ ಎರೆಯೋಕೆ ನೀನೇ ಬರಬೇಕು. ನೀನು ಏನೂ ಹೇಳೋ ಹಾಗಿಲ್ಲ ಅಂತ ನಂಗೊತ್ತು. ಹೇಳ್ಬೇಡ. ಬಂದ್ಬಿಡು.’

ಅವರು ಹೂಂ ಅನ್ನಲೂ ಆಗದೆ, ಊಹೂಂ ಅನ್ನಲೂ ಆಗದೆ ಮನೆಯ ದಾರಿ ಹಿಡಿದರು. ಮದುವೆಯ ದಿನದವರೆಗೂ ಅವರು ಬರುತ್ತಾರೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಕೇಳಿದವರಿಗೆಲ್ಲ ಕೆಮ್ಮೇ ಉತ್ತರ.

ಮದುವೆ ನಡೆದದ್ದು ಸದಾನಂದನ ಮನೆಯಂಗಳದಲ್ಲಿ, ಚಿಕ್ಕ ಚಪ್ಪರದ ಕೆಳಗೆ. ಮುಹೂರ್ತಕ್ಕೆ ಸ್ವಲ್ಪ ಮುಂಚೆ ಶ್ರೀಕಂಠಯ್ಯನವರು ಬಂದರು, ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ. ಯಾರನ್ನೂ ಮಾತಾಡಿಸದೆ ನೇರ ಹೋಗಿ ತಂಗಿಯ ಪಕ್ಕ ಕೂತು ಕಲಶ ಕೈಗೆ ತೆಗೆದುಕೊಂಡರು.

ಪುರೋಹಿತರು ಹೊರಗಿನವರು, ನಮ್ಮೂರಿನ ರೀತಿ ಅವರಿಗೆ ಹೊಸದು. ಮಂತ್ರ ಮುಗಿಸಿ, ‘ಹೇಳಿ, ನನ್ನ ತಂಗಿಯನ್ನು ಇವರಿಗೆ ಕೊಡುತ್ತಿದ್ದೇನೆ’ ಎಂದರು. ಶ್ರೀಕಂಠಯ್ಯನವರು ಬಾಯಿ ತೆರೆದರು. ಕೆಮ್ಮಿದರು. ನೀರು ತಂದರು, ಕುಡಿದರು. ‘ಹೇಳಿ’ ಎಂದರು ಪುರೋಹಿತರು ಮತ್ತೆ. ಅವರು ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬುವಷ್ಟು ಪ್ರಯತ್ನಿಸಿದರು. ಹೇಳಬೇಕೆಂದು ಅವರಿಗೆ ಎಷ್ಟು ಆಸೆ ಇತ್ತೆಂಬುದು ಚಪ್ಪರದಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಕೆಮ್ಮು ಬಿಡಲಿಲ್ಲ. ಕಲಶದ ನೀರು ತುಳುಕಿ ಪಂಚೆ ಒದ್ದೆಯಾಯಿತು. ‘ಮಾತಿಲ್ಲದೆ ಧಾರೆ ಆಗೋದು ಹೇಗೆ?’ ಎಂದರು ಪುರೋಹಿತರು. ಪ್ರೋಗ್ರಾಮ್ ಕೊಟ್ಟ ನನಗೂ ಇದು ಹೊಳೆದಿರಲಿಲ್ಲ.

ವಿಶಾಲಾಕ್ಷಿ ತಲೆ ಎತ್ತಿದಳು. ಸದಾನಂದನ ಬೊಗಸೆಯ ಮೇಲೆ ತನ್ನ ಬೊಗಸೆಯನ್ನು ತಾನೇ ಇಟ್ಟು, ಹಿಂದಿನ ಸಾಲಿಗೂ ಕೇಳುವಂತೆ ಹೇಳಿದಳು: ‘ವಿಶಾಲಾಕ್ಷಿಯಾದ ನಾನು ನನ್ನನ್ನ ಇವರಿಗೆ ಕೊಡ್ತಾ ಇದೀನಿ. ನಮ್ಮಣ್ಣ ನೀರು ಎರೀತಾನೆ.’

ಕೆಮ್ಮು ನಿಂತಿತು. ಶ್ರೀಕಂಠಯ್ಯನವರು ಕಲಶ ಬಗ್ಗಿಸಿದರು. ಪುರೋಹಿತರು ಸಾಕು ಎಂದರೂ ನಿಲ್ಲಿಸಲಿಲ್ಲ. ಬೊಗಸೆ ತುಂಬಿ, ಮೊಣಕೈ ದಾಟಿ, ನೆಲಕ್ಕೆ ಹರಿದು ನಮ್ಮ ಕಾಲಿಗೆಲ್ಲ ತಾಕುವವರೆಗೂ ಎರೆಯುತ್ತಲೇ ಇದ್ದರು.